ರಾಜಕಾಲುವೆಯ ದುಡ್ಡಿನಲ್ಲಿ ನಮ್ಮ ಮಾತೆಷ್ಟು?

ಬೆಂಗಳೂರಿನಲ್ಲಿ ಜೋರು ಮಳೆ ಬಿದ್ದ ಮರುದಿನ ಪತ್ರಿಕೆಯಲ್ಲಿ ಎರಡು ಬಗೆಯ ಸುದ್ದಿ ಇರುತ್ತದೆ. ಒಂದು, ಮುಳುಗಿದ ಅಂಡರ್‌ಪಾಸ್, ಮನೆಯೊಳಗೆ ನುಗ್ಗಿದ ನೀರು, ರಾತ್ರಿಯಿಡೀ ಪಾತ್ರೆಯಲ್ಲಿ ನೀರು ಮೊಗೆದು ಹೊರಹಾಕಿದ ಜನ. ಇನ್ನೊಂದು, ರಾಜಕಾಲುವೆ ಅಭಿವೃದ್ಧಿಗೆ ಇಷ್ಟು ಕೋಟಿ ಎಂಬ ಹೇಳಿಕೆ. ಮೊದಲನೆಯದನ್ನು ಎಲ್ಲರೂ ಓದುತ್ತಾರೆ. ಎರಡನೆಯದನ್ನು ಶೀರ್ಷಿಕೆ ನೋಡಿ ಬಿಟ್ಟುಬಿಡುತ್ತಾರೆ. ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ನಾನು ಈ ವರ್ಷ ಎರಡನೆಯದನ್ನೇ ಹುಡುಕಿ ಓದುತ್ತಿದ್ದೇನೆ. ಅದರಲ್ಲಿ ದುಡ್ಡು ಎಲ್ಲಿಂದ ಬರುತ್ತದೆ ಎಂಬುದು ಇರುತ್ತದೆ, ಎಷ್ಟು ಕಿಲೊಮೀಟರ್ ತಡೆಗೋಡೆ ಎಂಬುದೂ ಇರುತ್ತದೆ. ಯಾವ ಬೀದಿಗೆ ಮೊದಲು, ಯಾಕೆ, ಅದನ್ನು ಯಾರು ಕೂತು ತೀರ್ಮಾನಿಸಿದರು ಎಂಬುದು ಮಾತ್ರ ಇರುವುದಿಲ್ಲ.

ದುಡ್ಡು ಬರುತ್ತಿಲ್ಲ ಎನ್ನುವಂತಿಲ್ಲ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಯಲ್ಲಿ ನಗರ ಪ್ರವಾಹ ತಗ್ಗಿಸುವುದಕ್ಕೆಂದೇ ಏಳು ಮಹಾನಗರಗಳಿಗೆ ₹2,500 ಕೋಟಿ ಶಿಫಾರಸು ಮಾಡಿತು. ಮುಂಬೈ, ಚೆನ್ನೈ, ಕೋಲ್ಕತ್ತಕ್ಕೆ ತಲಾ ₹500 ಕೋಟಿ. ಬೆಂಗಳೂರು, ಹೈದರಾಬಾದ್, ಅಹಮದಾಬಾದ್, ಪುಣೆಗೆ ತಲಾ ₹250 ಕೋಟಿ. ಇದರ ಜೊತೆಗೆ ರಾಜ್ಯದ ಅನುದಾನವಿದೆ, ವಿಶ್ವಬ್ಯಾಂಕಿನ ಸಾಲವಿದೆ. ಸಾಲ ಎಂದರೆ ತೀರಿಸಬೇಕಾದದ್ದು. ಈಗ ಇಪ್ಪತ್ತರ ಹರೆಯದಲ್ಲಿರುವ ನಾವು ನಲವತ್ತಾಗುವವರೆಗೂ ಅದರ ಕಂತಿಗೆ ತೆರಿಗೆ ಕಟ್ಟುತ್ತಿರುತ್ತೇವೆ. ಹಾಗಾಗಿ ಈ ಲೆಕ್ಕ ನಮಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳುವುದು ಸುಳ್ಳು ಸಮಾಧಾನ.

ಮೊದಲು ನೀರಿನ ಲೆಕ್ಕ ಹೇಳುತ್ತೇನೆ. ಕಷ್ಟವೇನಿಲ್ಲ, ಹೈಸ್ಕೂಲ್ ಗಣಿತ ಸಾಕು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ನಮ್ಮೂರಿನ ಥರ್ಟಿ–ಫಾರ್ಟಿ ಸೈಟು ಎಂದರೆ 1,200 ಚದರ ಅಡಿ, ಅಂದರೆ ಸುಮಾರು 111 ಚದರ ಮೀಟರ್. 100 ಮಿ.ಮೀ. ಮಳೆಯಾದರೆ ಆ ಒಂದೇ ಸೈಟಿನ ಮೇಲೆ 11,000 ಲೀಟರ್‌ಗೂ ಹೆಚ್ಚು ನೀರು. ಅಂದರೆ ದೊಡ್ಡದೊಂದು ಟ್ಯಾಂಕರ್. 2022ರ ಸೆಪ್ಟೆಂಬರ್ ಆರಂಭದ ಆ ರಾತ್ರಿ ಬೆಂಗಳೂರಿನಲ್ಲಿ ಬಿದ್ದದ್ದು 130 ಮಿ.ಮೀ.ಗೂ ಹೆಚ್ಚು. ಪ್ರತಿ ಮನೆಯೂ ಒಂದೊಂದು ಟ್ಯಾಂಕರ್ ನೀರನ್ನು ಒಟ್ಟಿಗೆ ಬೀದಿಗೆ ಬಿಟ್ಟರೆ ಏನಾಗುತ್ತದೋ ಅದೇ ಆಯಿತು.

ಆದರೆ ಬಿದ್ದ ನೀರೆಲ್ಲ ಹರಿಯುವುದಿಲ್ಲ, ಒಂದಷ್ಟು ಇಂಗುತ್ತದೆ. ಎಷ್ಟು ಇಂಗುತ್ತದೆ ಎಂಬುದು ನೆಲದ ಮೇಲೆ ನಿಂತಿದೆ. ನಮ್ಮ ಪಠ್ಯದಲ್ಲಿ ಇದಕ್ಕೆ ರನ್‌ಆಫ್ ಗುಣಾಂಕ ಎನ್ನುತ್ತಾರೆ. ಹುಲ್ಲು, ಮಣ್ಣು ಇರುವ ಕಡೆ ಅದು 0.25ರ ಆಸುಪಾಸು, ತಾರಸಿ, ಕಾಂಕ್ರೀಟು, ಟೈಲ್ಸು ಇರುವ ಕಡೆ 0.9ರ ಹತ್ತಿರ. ಗಂಟೆಗೆ 50 ಮಿ.ಮೀ. ವೇಗದಲ್ಲಿ ಮಳೆ ಸುರಿದರೆ ಒಂದು ಹೆಕ್ಟೇರ್ ತೋಟದಿಂದ ಸೆಕೆಂಡಿಗೆ ಸುಮಾರು 35 ಲೀಟರ್ ಹೊರಗೆ ಹರಿದರೆ, ಅದೇ ಹೆಕ್ಟೇರಿಗೆ ಕಾಂಕ್ರೀಟು ಹಾಸಿದ ಮೇಲೆ 125 ಲೀಟರ್ ಹರಿಯುತ್ತದೆ. ಮಳೆ ಬದಲಾಗಿಲ್ಲ, ನೀರು ಮೂರೂವರೆ ಪಟ್ಟಾಯಿತು. ಹೊಸ ಲೇಔಟಿನವರು ಅಂಗಳಕ್ಕೆ ಚೆಂದದ ಇಂಟರ್‌ಲಾಕ್ ಹಾಕಿಸಿಕೊಂಡಾಗ ಅದರ ಬಿಲ್ಲು ಎರಡು ಕಿಲೊಮೀಟರ್ ಕೆಳಗಿನ ತಗ್ಗಿನ ಬೀದಿಯವರಿಗೆ ಹೋಗುತ್ತದೆ.

ಹೀಗೆ ಹೆಚ್ಚಾದ ನೀರು ಹೋಗಬೇಕಾದ ದಾರಿ ಹಿಗ್ಗಬೇಕಿತ್ತು. ಕುಗ್ಗಿದೆ. ಬೆಂಗಳೂರಿನ ಮಳೆನೀರು ನಿರ್ವಹಣೆ ಬಗ್ಗೆ 2021ರಲ್ಲಿ ವಿಧಾನಮಂಡಲದ ಮುಂದೆ ಬಂದ ಸಿಎಜಿ ವರದಿ ಹೇಳುವಂತೆ, ಕಳೆದ ಶತಮಾನದ ಆರಂಭದಲ್ಲಿ ಕೋರಮಂಗಲ ಕಣಿವೆಯಲ್ಲಿ 113.24 ಕಿ.ಮೀ. ಇದ್ದ ಕಾಲುವೆಗಳು 2016–17ರ ಹೊತ್ತಿಗೆ 62.84 ಕಿ.ಮೀ.ಗೆ ಇಳಿದಿದ್ದವು. ವೃಷಭಾವತಿ ಕಣಿವೆಯಲ್ಲಿ 226.29 ಕಿ.ಮೀ. ಇದ್ದದ್ದು 110.84ಕ್ಕೆ. ಉಳಿದದ್ದು ಎಲ್ಲಿ ಹೋಯಿತು ಎಂದು ಕೇಳಿದರೆ, ಅದರ ಮೇಲೆ ಯಾರೋ ಮನೆ ಕಟ್ಟಿಕೊಂಡಿದ್ದಾರೆ, ಯಾರೋ ಮಾಲ್ ಕಟ್ಟಿದ್ದಾರೆ, ಎಷ್ಟೋ ಕಡೆ ರಸ್ತೆಯೇ ಹಾದುಹೋಗಿದೆ.

ಕಳೆದ ಸೆಮಿಸ್ಟರಿನಲ್ಲಿ ನಾವು ನಾಲ್ವರು ಮಿನಿ ಪ್ರಾಜೆಕ್ಟಿಗೆಂದು ಒಂದು ಸಣ್ಣ ಕಾಲುವೆಯನ್ನು ಅಳೆದೆವು. ಒಂದೂವರೆ ಮೀಟರ್ ಅಗಲ, 1.2 ಮೀಟರ್ ಆಳದ ಆಯತಾಕಾರದ ಮೋರಿ. ತಳದಲ್ಲಿ ಮೊಣಕಾಲಿನ ಹತ್ತಿರದವರೆಗೆ ಹೂಳು, ಸುಮಾರು 40 ಸೆಂ.ಮೀ. ಮೂರನೇ ಒಂದು ಭಾಗ ಹೂಳು ತುಂಬಿದರೆ ಹರಿವಿನ ಸಾಮರ್ಥ್ಯವೂ ಮೂರನೇ ಒಂದು ಭಾಗ ಕಮ್ಮಿಯಾಗುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಮ್ಯಾನಿಂಗ್ ಸೂತ್ರದಲ್ಲಿ ಹಾಕಿ ನೋಡಿ, ಶೇ 40ರಷ್ಟು ಕುಸಿಯುತ್ತದೆ. ಹೂಳೆತ್ತುವುದು ಎಷ್ಟು ಅಗ್ಗದ ಕೆಲಸ, ಗೋಡೆ ಎತ್ತರಿಸುವುದು ಎಷ್ಟು ದುಬಾರಿ ಎಂಬುದನ್ನು ನಾನು ವಿವರಿಸಬೇಕಿಲ್ಲ. ಆದರೂ ಉದ್ಘಾಟನೆಯ ಕಲ್ಲು ನೆಡುವುದು ಗೋಡೆಗೆ, ಹೂಳಿಗಲ್ಲ.

ಆ ದಿನ ಸೂತ್ರಕ್ಕಿಂತ ಹೆಚ್ಚು ಕಲಿಸಿದ್ದು ಮೋರಿ ಪಕ್ಕದ ಶೀಟಿನ ಮನೆಯ ಅಜ್ಜಿ. ನಾವು ಟೇಪು ಹಿಡಿದು ಮೋರಿಯ ಅಂಚಿನ ಎತ್ತರ ಬರೆದುಕೊಳ್ಳುತ್ತಿದ್ದೆವು. ಸೊಪ್ಪು ಬಿಡಿಸುತ್ತಾ ಕೂತಿದ್ದ ಅಜ್ಜಿ ಸ್ವಲ್ಪ ಹೊತ್ತು ನೋಡಿ, ‘ಮೋರಿ ತುಂಬೋದು ಆಮೇಲೆ ಕಣ್ರಪ್ಪಾ. ಮೊದ್ಲು ನಮ್ಮನೆ ಬಚ್ಚಲಲ್ಲೇ ನೀರು ಉಕ್ಕೋದು’ ಎಂದರು. ‘ಎಷ್ಟು ಹೊತ್ತು ಮೊದ್ಲು ಅಜ್ಜಿ?’ ಎಂದು ಕೇಳಿದೆ. ‘ಒಂದು ಒಲೆ ಅನ್ನ ಬೇಯೋ ಹೊತ್ತು’ ಎಂದರು.

ಇದರ ಅರ್ಥ ಸರಳ. ಆ ಸಾಲಿನ ಮನೆಗಳ ಬಚ್ಚಲ ಪೈಪುಗಳು ನೇರ ಮೋರಿಗೇ ಸೇರಿವೆ. ಮೋರಿಯಲ್ಲಿ ನೀರಿನ ಮಟ್ಟ ಬಚ್ಚಲ ನೆಲಕ್ಕಿಂತ ಮೇಲೇರಿದ ತಕ್ಷಣ ಪೈಪಿನಲ್ಲಿ ನೀರು ಹಿಂದಕ್ಕೆ ತಳ್ಳುತ್ತದೆ. ಅಂಚಿನ ಗೋಡೆಯನ್ನು ಇನ್ನೂ ಮೂರಡಿ ಎತ್ತರಿಸಿದರೆ ರಸ್ತೆಗೆ ನೀರು ಬರುವುದು ನಿಲ್ಲಬಹುದು, ಆದರೆ ಅಜ್ಜಿಯ ಬಚ್ಚಲಿಗೆ ಇನ್ನೂ ಮೂರಡಿ ಹೆಚ್ಚಿನ ಒತ್ತಡದಲ್ಲಿ ನೀರು ಬರುತ್ತದೆ. ಅಲ್ಲಿಗೆ ಬೇಕಿರುವುದು ಪ್ರತ್ಯೇಕ ಒಳಚರಂಡಿ ಸಂಪರ್ಕ, ಅದಾಗುವವರೆಗೆ ಪೈಪಿನ ಬಾಯಿಗೊಂದು ಹಿಮ್ಮುಖ ಹರಿವು ತಡೆಯುವ ವಾಲ್ವು. ಡ್ರೋನ್ ಸರ್ವೆ ಮಾಡಿ, ಜಿಐಎಸ್ ನಕ್ಷೆ ಬರೆದು ತಯಾರಿಸಿದ ಡಿಪಿಆರ್‌ನಲ್ಲಿ ಈ ವಿಷಯ ಬರುವುದಿಲ್ಲ. ಡ್ರೋನಿಗೆ ಬಚ್ಚಲು ಕಾಣುವುದಿಲ್ಲ. ಬರಬೇಕಾದರೆ ಅಜ್ಜಿಯನ್ನೋ ಅವರ ಮಗಳನ್ನೋ ಕೂರಿಸಿ ಕೇಳುವ ಒಂದು ಜಾಗ ಇರಬೇಕು. ಕೇಳಿದ್ದನ್ನು ಬರೆದುಕೊಳ್ಳುವ ಜವಾಬ್ದಾರಿ ಯಾರದಾದರೂ ಆಗಿರಬೇಕು.

ಅಂಥ ಜಾಗ ಎಲ್ಲಾದರೂ ಇದೆಯೇ ಎಂದು ಹುಡುಕುವಾಗ ನನಗೆ ಸಿಕ್ಕಿದ್ದು ಅಮೆರಿಕದ ಲಾಸ್ ಏಂಜಲೀಸ್ ಕೌಂಟಿ. ಸಿನಿಮಾದ ಊರು ಎಂದಷ್ಟೇ ಗೊತ್ತಿದ್ದ ಜಾಗ. ಒಂದು ಕೋಟಿಯಷ್ಟು ಜನ, 88 ನಗರಾಡಳಿತಗಳು. ಮಳೆ ನಮ್ಮ ಅರ್ಧವೂ ಇಲ್ಲ, ಆದರೆ ಬಂದರೆ ಒಮ್ಮೆಲೇ ಬರುತ್ತದೆ. 1938ರ ದೊಡ್ಡ ಪ್ರವಾಹದ ನಂತರ ಅಲ್ಲಿನವರು ತಮ್ಮ ನದಿಗೆ ಉದ್ದಕ್ಕೂ ಕಾಂಕ್ರೀಟ್ ಹೊದಿಸಿದರು. ನೀರು ಬೇಗ ಸಮುದ್ರ ಸೇರಲಿ ಎಂಬುದು ಲೆಕ್ಕ. ಸೇರಿತು. ಕುಡಿಯುವ ನೀರನ್ನು ನೂರಾರು ಮೈಲಿ ದೂರದಿಂದ ತರಿಸಿಕೊಳ್ಳುವ ಊರು ತಾನು ಪಡೆದ ಮಳೆಯನ್ನು ಕೊಳೆಯೊಂದಿಗೆ ಬೆರೆಸಿ ಸಮುದ್ರಕ್ಕೆ ಚೆಲ್ಲುತ್ತಾ ಬಂತು. ನಾವು ಈಗ ರಾಜಕಾಲುವೆಗಳ ಎರಡೂ ಬದಿಗೆ, ಕೆಲವು ಕಡೆ ತಳಕ್ಕೂ ಹಾಕುತ್ತಿರುವ ಕಾಂಕ್ರೀಟನ್ನು ಅವರು ಎಂಬತ್ತು ವರ್ಷಗಳ ಹಿಂದೆಯೇ ಹಾಕಿ ನೋಡಿದ್ದಾರೆ.

2018ರ ನವೆಂಬರ್‌ನಲ್ಲಿ ಅಲ್ಲಿನ ಮತದಾರರು ‘ಮೆಷರ್ ಡಬ್ಲ್ಯು’ ಎಂಬ ಪ್ರಸ್ತಾವಕ್ಕೆ ಮೂರನೇ ಎರಡಕ್ಕಿಂತ ಹೆಚ್ಚಿನ ಬಹುಮತ ಕೊಟ್ಟರು. ಜನ ತಾವೇ ಮತ ಹಾಕಿ ತಮ್ಮ ಮೇಲೆ ತೆರಿಗೆ ಹೇರಿಕೊಂಡರು ಎಂಬುದನ್ನು ಓದಿ ನನಗೆ ಎರಡು ನಿಮಿಷ ನಂಬಿಕೆ ಬರಲಿಲ್ಲ. ತೆರಿಗೆ ಹೇಗೆ? ನಿಮ್ಮ ಜಾಗದಲ್ಲಿ ನೀರು ಇಂಗದ ಭಾಗ ಎಷ್ಟಿದೆಯೋ ಅದಕ್ಕೆ ಮಾತ್ರ, ಚದರ ಅಡಿಗೆ ವರ್ಷಕ್ಕೆ ಎರಡೂವರೆ ಸೆಂಟು. ನಮ್ಮ ದುಡ್ಡಿನಲ್ಲಿ ಎರಡು ರೂಪಾಯಿ ಚಿಲ್ಲರೆ. ತೋಟಕ್ಕೆ ಇಲ್ಲ, ಮಣ್ಣಿಗೆ ಇಲ್ಲ. ಮಳೆನೀರನ್ನು ತಮ್ಮ ಜಾಗದಲ್ಲೇ ಹಿಡಿದಿಡುವವರಿಗೆ ರಿಯಾಯಿತಿ. ಕಡಿಮೆ ಆದಾಯದ ಹಿರಿಯ ನಾಗರಿಕರಿಗೆ ವಿನಾಯಿತಿ. ವರ್ಷಕ್ಕೆ ಸುಮಾರು 28 ಕೋಟಿ ಡಾಲರ್ ಹೀಗೆ ಸೇರುತ್ತದೆ. ಅದರಲ್ಲಿ ಶೇ 40 ತೆರಿಗೆ ಬಂದ ನಗರಗಳಿಗೇ ವಾಪಸ್, ಶೇ 50 ಇಡೀ ಜಲಾನಯನಕ್ಕೆ ಉಪಯೋಗವಾಗುವ ದೊಡ್ಡ ಕೆಲಸಗಳಿಗೆ, ಶೇ 10 ಪ್ರವಾಹ ನಿಯಂತ್ರಣ ಜಿಲ್ಲೆಗೆ.

ನನಗೆ ಮುಖ್ಯ ಅನ್ನಿಸಿದ್ದು ಆ ಶೇ 50ರ ಹಂಚಿಕೆ. ಕೌಂಟಿಯನ್ನು ಒಂಬತ್ತು ಜಲಾನಯನ ಪ್ರದೇಶಗಳಾಗಿ ವಿಂಗಡಿಸಿದ್ದಾರೆ. ಊರಿನ ಗಡಿ ನೋಡಿ ಅಲ್ಲ, ನೀರು ಹರಿಯುವ ದಿಕ್ಕು ನೋಡಿ. ಪ್ರತಿಯೊಂದಕ್ಕೂ ಒಂದು ಸಮಿತಿ, 17 ಮತಗಳು. ನಗರಗಳ ಪ್ರತಿನಿಧಿಗಳಿಗೆ 7, ನೀರು, ಒಳಚರಂಡಿಯಂಥ ಸಂಸ್ಥೆಗಳಿಗೆ 5, ಸಮುದಾಯಕ್ಕೆ 5. ‘ಸಲಹೆ ನೀಡಬಹುದು’ ಎಂಬ ಕುರ್ಚಿಯಲ್ಲ, ಮತವಿರುವ ಕುರ್ಚಿ. ಪ್ರತಿ ಯೋಜನೆಗೂ 110ಕ್ಕೆ ಅಂಕ ಹಾಕುತ್ತಾರೆ, ನಮ್ಮ ಇಂಟರ್ನಲ್ಸ್ ಹಾಗೆ. 60 ಬಾರದಿದ್ದರೆ ಸಮಿತಿಯ ಮೇಜಿಗೇ ಬರುವುದಿಲ್ಲ. ಗಿಡ, ಮಣ್ಣು, ಇಂಗುಗುಂಡಿಯಂಥ ನೈಸರ್ಗಿಕ ವಿಧಾನ ಬಳಸಿದರೆ ಅದಕ್ಕೆಂದೇ 15 ಅಂಕ. ಸ್ಥಳೀಯ ಜನರ ಬೆಂಬಲ ತೋರಿಸಿದರೆ ಅದಕ್ಕೂ ಅಂಕ. ಹಿಂದುಳಿದ ಬಡಾವಣೆಗಳಿಗೆ ಅವುಗಳ ಜನಸಂಖ್ಯೆಯ ಪಾಲಿಗಿಂತ ಶೇ 10 ಹೆಚ್ಚು ಲಾಭ ಸಿಗಬೇಕು ಎಂಬ ನಿಯಮವೂ ಇದೆ. ಅಂದರೆ ಒಂದು ಜಲಾನಯನದಲ್ಲಿ ನೂರಕ್ಕೆ ನಲವತ್ತು ಜನ ಅಂಥ ಬಡಾವಣೆಯವರಾದರೆ ನೂರು ರೂಪಾಯಿಯಲ್ಲಿ ಕನಿಷ್ಠ ನಲವತ್ನಾಲ್ಕು ಅವರಿಗೆ ಉಪಯೋಗವಾಗುವ ಕೆಲಸಕ್ಕೆ.

ಅಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ಈವರೆಗೆ ನೂರಕ್ಕೂ ಹೆಚ್ಚು ಕಾಮಗಾರಿಗಳಿಗೆ ಹಣ ಮಂಜೂರಾಗಿದ್ದರೂ ಕೆಲಸದ ವೇಗ ಸಾಲದು, ಕಾಂಕ್ರೀಟ್ ಕಿತ್ತು ಹಸಿರು ಮಾಡುವುದು ಇನ್ನೂ ನಿಧಾನ ಎಂದು ಅಲ್ಲಿನ ಪರಿಸರ ಸಂಘಟನೆಗಳೇ ಟೀಕಿಸಿವೆ. ಹಗಲು ಹೊತ್ತಿನ ಸಭೆಗೆ ದಿನಗೂಲಿಯವರು ಬರುವುದು ಯಾವ ದೇಶದಲ್ಲೂ ಸುಲಭವಲ್ಲ. ಆದರೆ ಟೀಕಿಸಲಿಕ್ಕಾದರೂ ಅವರ ಕೈಯಲ್ಲಿ ಲೆಕ್ಕ ಇದೆ. ಯಾವ ಯೋಜನೆಗೆ ಎಷ್ಟು ಅಂಕ ಬಂತು, ಯಾರು ಪರ ಮತ ಹಾಕಿದರು ಎಂಬುದು ತೆರೆದ ಪುಸ್ತಕ.

ನಮ್ಮಲ್ಲಿ ಕಾನೂನಿನ ಕೊರತೆ ಇದೆಯೇ? ಇಲ್ಲ. ಮೂರು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು 74ನೇ ತಿದ್ದುಪಡಿಯೇ ಹೇಳಿದೆ. ಕರ್ನಾಟಕದ 2016ರ ನಿಯಮಗಳ ಪ್ರಕಾರ ವಾರ್ಡ್ ಸಮಿತಿಗೆ ಹತ್ತು ನಾಮನಿರ್ದೇಶಿತ ಸದಸ್ಯರು, ಅವರಲ್ಲಿ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ, ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಬೆಂಗಳೂರಿನಲ್ಲಿ 2015ರಲ್ಲಿ ಆರಿಸಿದ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ನನಗೆ ಮತದಾನದ ಹಕ್ಕು ಬಂದಾಗ ಮತ ಹಾಕಲು ಕಾರ್ಪೊರೇಟರ್ ಚುನಾವಣೆಯೇ ಇರಲಿಲ್ಲ. ರಾಜಕಾಲುವೆಗೆ ಇಷ್ಟು ಕೋಟಿ ಹರಿದುಬಂದ ಕಾಲದಲ್ಲೇ ಬೀದಿಯ ಮಾತು ಒಳಗೆ ಹೋಗುವ ಬಾಗಿಲು ಮುಚ್ಚಿತ್ತು.

2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದವು. ಆಡಳಿತಕ್ಕೆ ಅದು ಒಳ್ಳೆಯದೋ ಕೆಟ್ಟದ್ದೋ, ಆ ಚರ್ಚೆ ಬೇರೆ. ನೀರಿನ ಕಣ್ಣಲ್ಲಿ ನೋಡಿದರೆ ಬೆಂಗಳೂರಿಗಿರುವುದು ಐದು ಪಾಲಿಕೆಗಳಲ್ಲ, ಮೂರು ದೊಡ್ಡ ಕಣಿವೆಗಳು. ಕೋರಮಂಗಲ–ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳ ನೀರು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ವೃಷಭಾವತಿಯದು ಅರ್ಕಾವತಿ ಸೇರಿ ಕಾವೇರಿಗೆ. ಮೇಲಿನ ಪಾಲಿಕೆ ತನ್ನ ಕಾಲುವೆಯನ್ನು ನುಣ್ಣಗೆ ಮಾಡಿ ನೀರನ್ನು ಬೇಗ ಸಾಗಿಸಿದರೆ ಕೆಳಗಿನ ಪಾಲಿಕೆಗೆ ಅದು ಬೇಗ ಬಂದು ಬಡಿಯುತ್ತದೆ. ಅಲ್ಲಿಂದಾಚೆಗೆ ಹೊಸೂರಿನ ಕೆಲವರಪಳ್ಳಿ ಜಲಾಶಯದಲ್ಲಿ ಏಳುವ ನೊರೆಯನ್ನು ಟಿ.ವಿ.ಯಲ್ಲಿ ನೋಡಿದವರಿಗೆ ನಮ್ಮ ಮೋರಿ ಎಲ್ಲಿಯವರೆಗೆ ಹೋಗುತ್ತದೆ ಎಂದು ಗೊತ್ತು. ಆದ್ದರಿಂದ ವಾರ್ಡ್ ಸಮಿತಿ ಒಂದೇ ಸಾಲದು. ಕಣಿವೆಗೊಂದು ಸಮಿತಿ ಬೇಕು. ಐದೂ ಪಾಲಿಕೆಗಳ ಎಂಜಿನಿಯರುಗಳು, ಜಲಮಂಡಳಿಯವರು ಅದರಲ್ಲಿ ಕೂರಲಿ. ಜೊತೆಗೆ ಮತವಿರುವ ಕುರ್ಚಿಗಳಲ್ಲಿ ಕಾಲುವೆ ದಂಡೆಯ ಜನ ಕೂರಲಿ. ಅಪಾರ್ಟ್‌ಮೆಂಟ್ ಸಂಘದವರು ಹೇಗೂ ಬರುತ್ತಾರೆ, ಅವರಿಗೆ ಸಮಯವೂ ಇಂಗ್ಲಿಷೂ ಇದೆ. ಶೀಟಿನ ಮನೆಯ ಬಾಡಿಗೆದಾರರಿಗೆ ಕುರ್ಚಿ ಮೀಸಲಿಡದೆ ಬರಲಾಗದು. ಒತ್ತುವರಿ ತೆರವು ಎಂದಾಗ ಜೆಸಿಬಿ ಮೊದಲು ನಿಲ್ಲುವುದು ಅವರ ಬಾಗಿಲಲ್ಲಿ. ತಮ್ಮ ಗೋಡೆಯ ಮೇಲಿನ ಕೆಂಪು ಗುರುತಿನ ಅರ್ಥ ಅವರಿಗೆ ಬೇರೆಲ್ಲರಿಗಿಂತ ಮುಂಚೆ ತಿಳಿಯಬೇಕು.

ತೆರಿಗೆ? ಈ ಮಾತೆತ್ತಿದರೆ ನಮ್ಮ ಹಾಸ್ಟೆಲಿನಲ್ಲೇ ಗಲಾಟೆಯಾಗುತ್ತದೆ. ಆಸ್ತಿ ತೆರಿಗೆಯ ರಸೀದಿಯಲ್ಲಿ ಈಗಾಗಲೇ ಗ್ರಂಥಾಲಯದ ಹೆಸರಿನಲ್ಲಿ, ಆರೋಗ್ಯದ ಹೆಸರಿನಲ್ಲಿ, ಭಿಕ್ಷುಕರ ಹೆಸರಿನಲ್ಲಿ ಉಪಕರಗಳಿವೆ. ಇನ್ನೊಂದು ಸೇರಿಸಿದರೆ ಮಳೆ ನಿಲ್ಲುತ್ತದೆಯೇ ಎಂದು ಒಬ್ಬ ಗೆಳೆಯ ಕೇಳಿದ. ನ್ಯಾಯವಾದ ಪ್ರಶ್ನೆ. ಲೆಕ್ಕ ತೋರಿಸದೆ, ಕುರ್ಚಿ ಕೊಡದೆ ತೆರಿಗೆ ಕೇಳಬಾರದು ಎಂಬುದೇ ನನ್ನ ನಿಲುವು. ಆದರೆ ಕಾಂಕ್ರೀಟಿಗೆ ಬೆಲೆ ಕಟ್ಟುವ ಯೋಚನೆ ಮಾತ್ರ ನನಗೆ ಹಿಡಿಸಿದೆ. ಈಗ ಮನೆಯ ಸುತ್ತ ಮಣ್ಣು ಬಿಟ್ಟವನಿಗೂ ಗೋಡೆಯಿಂದ ಗೋಡೆಗೆ ಟೈಲ್ಸ್ ಹಾಕಿದವನಿಗೂ ವ್ಯತ್ಯಾಸವೇ ಇಲ್ಲ. 2009ರ ತಿದ್ದುಪಡಿಯಿಂದ ಬೆಂಗಳೂರಿನಲ್ಲಿ 2,400 ಚದರ ಅಡಿಯ ಹಳೆಯ ಕಟ್ಟಡಗಳಿಗೆ, 1,200 ಚದರ ಅಡಿಯ ಹೊಸ ಕಟ್ಟಡಗಳಿಗೆ ಮಳೆನೀರು ಸಂಗ್ರಹ ಕಡ್ಡಾಯ. ಎಷ್ಟೋ ಮನೆಗಳಲ್ಲಿ ಅದು ಮಂಜೂರಾತಿಗಾಗಿ ಇಟ್ಟ ನೀಲಿ ಡ್ರಮ್ಮು. ಪೈಪು ಇನ್ನೂ ಮೋರಿಯ ಕಡೆಗೇ ಮುಖ ಮಾಡಿದೆ. ದಂಡಕ್ಕಿಂತ, ನಿಜವಾಗಿ ನೀರು ಇಂಗಿಸಿದವರಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟರೆ ಆ ಡ್ರಮ್ಮಿಗೆ ಜೀವ ಬರಬಹುದು.

ಇನ್ನು ನಮ್ಮ ಕೆಲಸದ ಮಾತು. ನನ್ನ ಕ್ಲಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಿವಿಲ್ ಓದುತ್ತಲೇ ಸಂಜೆ ಕೋಡಿಂಗ್ ಕೋಚಿಂಗಿಗೆ ಹೋಗುತ್ತಾರೆ. ಉಳಿದವರ ಕಣ್ಣು ಜೆಇ, ಎಇ ನೇಮಕಾತಿಯ ಮೇಲೆ. ಅಧಿಸೂಚನೆ ಯಾವಾಗ ಬರುತ್ತದೆ, ಬಂದರೆ ಪರೀಕ್ಷೆ ಯಾವಾಗ ನಡೆಯುತ್ತದೆ ಎಂಬುದು ಜ್ಯೋತಿಷಿಗಳಿಗೂ ಗೊತ್ತಿಲ್ಲ. ಲಾಸ್ ಏಂಜಲೀಸಿನ ನಿಯಮದಲ್ಲಿ ನಾನು ಅಡಿಗೆರೆ ಹಾಕಿಕೊಂಡ ಸಾಲು ಒಂದಿದೆ: ಸಾರ್ವಜನಿಕ ತಿಳಿವಳಿಕೆ, ಶಾಲಾ ಪಾಠ ಮತ್ತು ಸ್ಥಳೀಯರ ಉದ್ಯೋಗ ತರಬೇತಿಗೆಂದು ಪ್ರತಿ ಐದು ವರ್ಷಕ್ಕೆ ಕನಿಷ್ಠ 2.5 ಕೋಟಿ ಡಾಲರ್ ತೆಗೆದಿಡಬೇಕು. ಇಂಗುಗುಂಡಿ ನೋಡಿಕೊಳ್ಳುವವರು, ಹೂಳಿನ ಮಟ್ಟ ಅಳೆಯುವವರು, ನೀರಿನ ಮಾದರಿ ಪರೀಕ್ಷಿಸುವವರು, ಬೀದಿಯ ಮಾತನ್ನು ಸಮಿತಿಗೆ ಒಯ್ಯುವ ಸಂಯೋಜಕರು, ಇವೆಲ್ಲ ಉದ್ಯೋಗಗಳೇ. ಇದಕ್ಕೆ ಬಿಇ ಕೂಡ ಬೇಕಿಲ್ಲ, ಡಿಪ್ಲೊಮಾ, ಐಟಿಐ ಸಾಕು. ಹಿಂದೆ ಕೆರೆಯ ತೂಬು ಎತ್ತಿ ಇಳಿಸಲು ಪ್ರತಿ ಊರಿಗೂ ನೀರುಗಂಟಿ ಇರುತ್ತಿದ್ದ, ಊರು ಅವನಿಗೆ ಕಾಳು ಕೊಡುತ್ತಿತ್ತು. ಕಣಿವೆಗೆ ಇಷ್ಟು ಕೋಟಿ ಎನ್ನುವಾಗ ಅದರಲ್ಲಿ ನೂರಕ್ಕೆ ಒಂದಾದರೂ ಇಂದಿನ ನೀರುಗಂಟಿಗಳ ಸಂಬಳಕ್ಕೆ ಇರಲಿ ಎಂದು ಕೇಳುವುದು ಅತಿಯಾಸೆಯಲ್ಲ.

ಸಮಿತಿ ಆಗುವವರೆಗೆ ಕಾಯಬೇಕಿಲ್ಲ. ರಾಜ್ಯ ವಿಪತ್ತು ನಿರ್ವಹಣೆಯ ಉಸ್ತುವಾರಿ ಕೇಂದ್ರ ಬೆಂಗಳೂರಿನ ಮಳೆ, ಪ್ರವಾಹದ ಮಾಹಿತಿಗೆಂದು ‘ಮೇಘ ಸಂದೇಶ’ ಎಂಬ ಆ್ಯಪ್ ತಂದಿದೆ. ನಮ್ಮ ಬೀದಿಯ ನೀರಿನ ಗುರುತನ್ನು ಅದರ ಮಳೆ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡುವುದು ಯಾವ ಕಾಲೇಜಿನ ಮಕ್ಕಳಿಗೂ ಒಂದು ಸೆಮಿಸ್ಟರಿನ ಕೆಲಸ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ. ನಾವು ನಾಲ್ವರು ಅಳೆದ ಮೋರಿಯ ಬಗ್ಗೆ ಮೂರು ಪ್ರಶ್ನೆ ಬರೆದು ಹಾಕಿದ್ದೇವೆ: ಕಳೆದ ಬಾರಿ ಹೂಳೆತ್ತಿದ್ದು ಯಾವಾಗ, ಎಷ್ಟು ಲೋಡು, ಎಲ್ಲಿ ಸುರಿದರು, ಈ ಕಾಲುವೆಯ ವಿನ್ಯಾಸಕ್ಕೆ ಗಂಟೆಗೆ ಎಷ್ಟು ಮಿ.ಮೀ. ಮಳೆ ಹಿಡಿದಿದ್ದಾರೆ, ಡಿಪಿಆರ್ ತಯಾರಿಸುವಾಗ ದಂಡೆಯ ಯಾವ ಮನೆಗಳನ್ನು ಮಾತಾಡಿಸಿದ್ದಾರೆ. ಮೊದಲ ಎರಡಕ್ಕೆ ಉತ್ತರ ಬಂದಿದೆ. ಮೂರನೆಯದಕ್ಕೆ ‘ಅನ್ವಯಿಸುವುದಿಲ್ಲ’ ಎಂದು ಬರೆದಿದ್ದಾರೆ. ಮೊದಲ ಮೇಲ್ಮನವಿ ಬರೆಯುತ್ತಿದ್ದೇವೆ. ಅದರ ಜೊತೆಗೆ ಆ ಸಾಲಿನ ಮನೆಗಳ ಬಚ್ಚಲ ನೆಲದ ಮಟ್ಟವನ್ನು ಅಳೆದ ಪಟ್ಟಿಯೂ ಹೋಗಲಿದೆ.